ಮರೆವಿನ ಕಾಯಿಲೆಯಲ್ಲಿ ಕೈ ಏನನ್ನು ಮರೆಯುತ್ತದೆ?

ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುವುದನ್ನು ಗಮನವಿಟ್ಟು ನೋಡಬೇಕು. ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ಸೆಳೆದು, ಬೆರಳ ತುದಿಯಿಂದ ಎಷ್ಟು ಬೇಕೋ ಅಷ್ಟೇ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸುವ ಆ ಕೆಲಸವನ್ನು ಅವರು ಮಾತಾಡುತ್ತಲೇ ಮುಗಿಸುತ್ತಾರೆ. ಡಿಮೆನ್ಷಿಯಾ, ಎಂದರೆ ಮರೆವಿನ ಕಾಯಿಲೆ, ಕಾಲಿಟ್ಟ ಮೇಲೆ ಇದೇ ಕೆಲಸ ವಿಚಿತ್ರವಾದ ರೀತಿಯಲ್ಲಿ ಕೆಡಬಹುದು. ಬೆರಳುಗಳಲ್ಲಿ ಶಕ್ತಿಯಿರುತ್ತದೆ, ನಡುಕವಿರುವುದಿಲ್ಲ, ಕಣ್ಣೂ ಕಾಣುತ್ತಿರುತ್ತದೆ. ಆದರೆ ಸುಣ್ಣ ಎಲೆಗೆ ಹೋಗುವ ಬದಲು ಅಡಿಕೆಗೆ ಹೋಗುತ್ತದೆ, ಇಲ್ಲವೇ ಎಲೆಯನ್ನು ಹಿಡಿದ ಕೈ ಮುಂದೇನೆಂದು ತೋಚದೆ ನಿಂತುಬಿಡುತ್ತದೆ. ಮನೆಯವರು ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುತ್ತಾರೆ.

ಸ್ನಾಯುವಿನ ಬಲ ಮತ್ತು ಸ್ಪರ್ಶಜ್ಞಾನ ಸರಿಯಾಗಿದ್ದೂ ಕಲಿತ ಚಲನೆ ಕೈಗೆ ಬಾರದಿರುವ ಈ ಸ್ಥಿತಿಗೆ ವೈದ್ಯರು ಅಪ್ರಾಕ್ಸಿಯಾ ಎನ್ನುತ್ತಾರೆ. ಜರ್ಮನಿಯ ವೈದ್ಯ ಹ್ಯೂಗೊ ಲೀಪ್‌ಮನ್ 1900ರಲ್ಲಿ ವರ್ಣಿಸಿದ ರೋಗಿಯೊಬ್ಬರ ಬಲಗೈ ಹೇಳಿದ ಸನ್ನೆಯನ್ನು ಮಾಡಲಾಗದೆ ತಡವರಿಸುತ್ತಿತ್ತು, ಆದರೆ ಎಡಗೈ ಅದನ್ನೇ ಸರಿಯಾಗಿ ಮಾಡುತ್ತಿತ್ತು. ಹೇಳಿದ್ದು ಅರ್ಥವಾಗಿಲ್ಲ ಎನ್ನುವ ವಿವರಣೆ ಇದರಿಂದ ಬಿದ್ದುಹೋಯಿತು. ಬಲಗೈ ಬಳಸುವವರಲ್ಲಿ ಇಂಥ ಚಲನೆಗಳ ಯೋಜನೆ ಬಹುಮಟ್ಟಿಗೆ ಮಿದುಳಿನ ಎಡ ಅರ್ಧಗೋಳವನ್ನು, ಅದರಲ್ಲೂ ನೆತ್ತಿಯ ಹಿಂಬದಿಯ ಪೆರೈಟಲ್ ಭಾಗ ಹಾಗೂ ಮುಂಭಾಗಗಳ ನಡುವಿನ ಸಂಪರ್ಕವನ್ನು ಅವಲಂಬಿಸಿದೆ ಎಂಬುದು ಆಮೇಲಿನ ಅಧ್ಯಯನಗಳಿಂದ ಗಟ್ಟಿಯಾಯಿತು.

ಡಿಮೆನ್ಷಿಯಾದ ಮುಖ್ಯ ಬಗೆಯಾದ ಆಲ್ಝೈಮರ್ ಕಾಯಿಲೆ ಮಿದುಳಿನಲ್ಲಿ ಹರಡುವ ದಾರಿಯನ್ನು ನೋಡಿದರೆ, ಕೈಯ ಬಲ ಉಳಿದು ಜಾಣ್ಮೆ ಮಾತ್ರ ಏಕೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ಟೌ ಎಂಬ ಪ್ರೋಟೀನಿನ ಸಿಕ್ಕುಗಳು ಮೊದಲು ನೆನಪಿಗೆ ಸಂಬಂಧಿಸಿದ ಎಂಟೊರೈನಲ್ ಕಾರ್ಟೆಕ್ಸ್ ಮತ್ತು ಹಿಪ್ಪೊಕ್ಯಾಂಪಸ್‌ಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಕಿವಿಯ ಪಕ್ಕದ ಟೆಂಪೊರಲ್, ಪೆರೈಟಲ್ ಭಾಗಗಳಿಗೆ ಹಬ್ಬುತ್ತವೆ. ಸ್ನಾಯುಗಳಿಗೆ ನೇರವಾಗಿ ಆಜ್ಞೆ ಕಳಿಸುವ ಮೋಟರ್ ಕಾರ್ಟೆಕ್ಸನ್ನು ತಲುಪುವುದು ಬಹಳ ತಡವಾಗಿ. ಜರ್ಮನಿಯ ವಿಜ್ಞಾನಿಗಳಾದ ಹೈಕೊ ಮತ್ತು ಈವಾ ಬ್ರಾಕ್ 1991ರಲ್ಲಿ ಈ ಹಂತಗಳನ್ನು ಗುರುತಿಸಿದರು. ಹೀಗಾಗಿ ಬೆರಳನ್ನು ಮಡಿಸುವ ಶಕ್ತಿ ಉಳಿದಿದ್ದರೂ ಯಾವ ಬೆರಳನ್ನು, ಯಾವಾಗ, ಯಾವುದರ ನಂತರ ಮಡಿಸಬೇಕೆಂಬ ತಿಳಿವಳಿಕೆ ಮೊದಲೇ ಸಡಿಲವಾಗುತ್ತದೆ.

ಹಾಗೆಂದು ಮೋಟರ್ ಕಾರ್ಟೆಕ್ಸಿಗೆ ಏನೂ ಆಗಿರುವುದಿಲ್ಲ ಎನ್ನುವಂತಿಲ್ಲ. ತಲೆಯ ಮೇಲೆ ಕಾಂತಸ್ಪಂದನ ಕೊಟ್ಟು ಕೈಯ ಸ್ನಾಯು ಅದುರುವುದನ್ನು ಅಳೆಯುವ ವಿಧಾನವೊಂದಿದೆ. ಅದಕ್ಕೂ ಸುಮಾರು 20 ಮಿಲಿಸೆಕೆಂಡ್ ಮೊದಲು ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಸ್ಪಂದನ ಕೊಟ್ಟರೆ ಆರೋಗ್ಯವಂತರಲ್ಲಿ ಆ ಅದುರು ಕುಗ್ಗುತ್ತದೆ. ಆಲ್ಝೈಮರ್ ಇರುವವರಲ್ಲಿ ಸಾಮಾನ್ಯವಾಗಿ ಅಷ್ಟು ಕುಗ್ಗುವುದಿಲ್ಲ. ಅದುರನ್ನು ಕುಗ್ಗಿಸುವ ಈ ತಡೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅವಲಂಬಿಸಿದ್ದು, ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ಹೆಚ್ಚಿಸಲು ಯತ್ನಿಸುವುದೂ ಅದನ್ನೇ. ನೆನಪಿನ ಕೊರತೆಯ ಒಂದು ಸುಳಿವು ಅಂಗೈಯ ಸ್ನಾಯುವಿನಲ್ಲಿ ಸಿಗುವುದು ನನಗೆ ಈ ವಿಷಯದಲ್ಲೇ ಅತ್ಯಂತ ಕುತೂಹಲದ ಸಂಗತಿ.

ಹೆಬ್ಬೆರಳನ್ನೂ ತೋರುಬೆರಳನ್ನೂ ಬೇಗ ಬೇಗ ತಟ್ಟಿಸಿದಾಗ, ಡಿಮೆನ್ಷಿಯಾ ಇರುವವರ ತಟ್ಟು ಸರಾಸರಿಯಲ್ಲಿ ನಿಧಾನವಾಗಿರುವುದೂ ಲಯ ತಪ್ಪುವುದೂ ಅಧ್ಯಯನಗಳಲ್ಲಿ ಕಂಡಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು ಇದನ್ನು ಮನೆಯ ಕಂಪ್ಯೂಟರಿನ ಕ್ಯಾಮೆರಾದಿಂದಲೇ ಅಳೆಯುವ ಪ್ರಯತ್ನದಲ್ಲಿದ್ದಾರೆ. ಗುಂಪುಗಳ ನಡುವಿನ ವ್ಯತ್ಯಾಸ ನಿಜವಾದರೂ, ಕೀಲುನೋವು, ವಯಸ್ಸು, ಸಕ್ಕರೆ ಕಾಯಿಲೆಯ ನರದೋಷ ಇವೆಲ್ಲವೂ ಲಯವನ್ನು ಕೆಡಿಸುತ್ತವೆ. ಒಬ್ಬರ ಬೆರಳನ್ನು ನೋಡಿ ರೋಗ ನಿರ್ಣಯಿಸಲು ಹೊರಡುವುದು ಅವಸರವಾಗುತ್ತದೆ.

ಡಿಮೆನ್ಷಿಯಾ ಒಂದೇ ಕಾಯಿಲೆಯೂ ಅಲ್ಲ. ಲೂಯಿ ಬಾಡಿ ಬಗೆಯಲ್ಲಿ ಕೈ ಬಿಗಿಯುತ್ತದೆ, ನಿಧಾನವಾಗುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುವುದೂ ಉಂಟು. ಕಾರ್ಟಿಕೊಬೇಸಲ್ ಎಂಬ ಅಪರೂಪದ ಬಗೆಯಲ್ಲಿ ಒಂದೇ ಕೈ ಮೊದಲು ಕೆಟ್ಟು, ಅದು ತನ್ನದಲ್ಲವೆಂಬಂತೆ ತಾನೇ ತಾನಾಗಿ ಚಲಿಸಬಹುದು.

ನಮ್ಮ ಜಿಲ್ಲೆಗಳ ಮಟ್ಟಿಗೆ ಇದಕ್ಕೆಲ್ಲ ಇನ್ನೊಂದು ಮಹತ್ವವಿದೆ. ಒಂದರ ಮೇಲೊಂದು ಬಿದ್ದ ಎರಡು ಪಂಚಕೋನಗಳನ್ನು ನಕಲು ಮಾಡಿಸುವುದು, ಗಡಿಯಾರ ಬರೆಸುವುದು ಡಿಮೆನ್ಷಿಯಾ ಪತ್ತೆಯ ಹೆಸರಾಂತ ಪರೀಕ್ಷೆಗಳು. ಗದ್ದೆಯಲ್ಲಿ ನಾಟಿ ಹಾಕಿ, ಮುದ್ದೆ ಕಟ್ಟಿ ಬಾಳಿದ, ಪೆನ್ಸಿಲನ್ನೇ ಹಿಡಿಯದ ಅಜ್ಜಿ ಪಂಚಕೋನ ಬರೆಯದಿದ್ದರೆ ತಪ್ಪು ಅವರ ಮಿದುಳಿನದ್ದೋ ಪರೀಕ್ಷೆಯದ್ದೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಪರೀಕ್ಷೆಗಳನ್ನು ರೂಪಿಸಿದ್ದು ಈ ಕೊರತೆಯನ್ನು ಮನಗಂಡೇ. ಇಂಥ ಕಡೆ ಕೈಸನ್ನೆ ನೆರವಾಗುತ್ತದೆ: ಬಾಚಣಿಗೆಯಿಲ್ಲದೆ ತಲೆ ಬಾಚುವಂತೆ ತೋರಿಸಿ ಎಂದಾಗ, ಬಾಚಣಿಗೆ ಹಿಡಿದಂತೆ ಮಾಡದೆ ಬೆರಳುಗಳನ್ನೇ ಬಾಚಣಿಗೆಯಾಗಿಸಿ ಕೂದಲಲ್ಲಿ ಎಳೆಯುವುದು, ಮತ್ತೆ ವಿವರಿಸಿದ ಮೇಲೂ ಹಾಗೆಯೇ ಮಾಡುವುದು, ವೈದ್ಯರು ಗಮನಿಸುವ ತಪ್ಪು. ಅದಕ್ಕಿಂತ ಮುಖ್ಯವಾಗಿ, ಜೀವನವಿಡೀ ಮಾಡಿದ ಕೆಲಸದಲ್ಲಿ ಯಾವ ಹಂತ, ಯಾವಾಗಿನಿಂದ ತಪ್ಪುತ್ತಿದೆ ಎಂದು ಸೊಸೆಯೋ ಮಗನೋ ಹೇಳಿದರೆ ವೈದ್ಯರಿಗೆ ಬಹಳ ಅನುಕೂಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮಂಕು ಕವಿಯಬಹುದಾದ್ದರಿಂದ ರಕ್ತಪರೀಕ್ಷೆಯನ್ನು ಬಿಡಬಾರದು.

ಎಲ್ಲ ಕೌಶಲವೂ ಒಟ್ಟಿಗೆ ಹೋಗುವುದಿಲ್ಲ. 1953ರ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡ ಹೆನ್ರಿ ಮೊಲೈಸನ್ ಅವರಿಂದ, ಕನ್ನಡಿ ನೋಡಿ ನಕ್ಷತ್ರದ ರೇಖೆ ಎಳೆಯುವುದನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ದಿನ ದಿನ ಅಭ್ಯಾಸ ಮಾಡಿಸಿದರು. ಹಿಂದಿನ ದಿನ ಮಾಡಿದ್ದು ಅವರಿಗೆ ನೆನಪಿರುತ್ತಿರಲಿಲ್ಲ. ಕೈ ಮಾತ್ರ ಸುಧಾರಿಸುತ್ತಲೇ ಹೋಯಿತು. ಅಭ್ಯಾಸದ ನೆನಪು ಹೆಚ್ಚಾಗಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಕಿರುಮಿದುಳಿನಲ್ಲಿರುತ್ತದೆ. ಆದ್ದರಿಂದಲೇ ‘ಹೂ ಕಟ್ಟಿ’ ಎಂದಾಗ ಸುಮ್ಮನೆ ಕುಳಿತವರು, ಬಾಳೆನಾರನ್ನೂ ಮಲ್ಲಿಗೆಯನ್ನೂ ಕೈಗಿತ್ತು ಮೊದಲ ಗಂಟು ಹಾಕಿಕೊಟ್ಟರೆ ಮುಂದುವರಿಸಬಲ್ಲರು. ಕೆಲಸವನ್ನು ಬಿಡಿಬಿಡಿಯಾಗಿ, ಒಂದೊಂದೇ ವಸ್ತುವನ್ನು ಮುಂದಿಟ್ಟು ಮಾಡಿಸುವುದು ಆರೈಕೆಯಲ್ಲಿ ಉಪಯುಕ್ತ.

ಕೊನೆಯ ಹಂತಗಳಲ್ಲಿ, ಮುಂಭಾಗದ ಮಿದುಳು ತಡೆಹಿಡಿದಿದ್ದ ಶೈಶವದ ಹಿಡಿತದ ಪ್ರತಿವರ್ತನೆ ಮರಳಬಹುದು. ಅಂಗೈಗೆ ತಾಗಿದ್ದನ್ನು, ಬಟ್ಟೆ ತೊಡಿಸುವವರ ಬೆರಳನ್ನೂ ಸಹ, ಅವರು ಬಿಗಿಯಾಗಿ ಹಿಡಿಯುತ್ತಾರೆ. ಹಟವೆಂದು ಭಾವಿಸಿ ಎಳೆದರೆ ಹಿಡಿತ ಇನ್ನೂ ಬಿಗಿಯುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ ಕೈಯ ಹಿಂಬದಿಯನ್ನು ನೇವರಿಸಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ.