ಶಿನ್ ಸ್ಪ್ಲಿಂಟ್ಸ್: ಹೆಬ್ಬೆರಳಿನಿಂದ ಎಲುಬನ್ನು ಓದುವುದು

ಮಳೆಗಾಲ ಮುಗಿದು ಕಾರವಾರದ ಕಡಲತೀರ ಮತ್ತೆ ಓಡಲು ಸಿಕ್ಕ ಮೂರ್ನಾಲ್ಕು ವಾರಕ್ಕೆ ನಮ್ಮ ಬೆಳಗಿನ ಗುಂಪಿನಲ್ಲಿ ಒಬ್ಬೊಬ್ಬರೇ ಕಾಲು ಹಿಡಿದುಕೊಂಡು ಕೂರಲು ಶುರುಮಾಡುತ್ತಾರೆ. ಗುಂಪಿನಲ್ಲಿ ದೈಹಿಕ ಶಿಕ್ಷಣ ಓದುವ ನಾವು ಕೆಲವರು, ಪೊಲೀಸ್ ನೇಮಕಾತಿಗೆ ತಯಾರಾಗುವವರು ಕೆಲವರು. ಕಳೆದ ವರ್ಷ ಹಾಗೆ ಕೂತವರಲ್ಲಿ ನಾನೂ ಒಬ್ಬಳು. ಒಟ್ಟು ಒಂಬತ್ತು ವಾರ ಓಟ ನಿಂತಿತು. ಅದರಲ್ಲಿ ಮೊದಲ ನಾಲ್ಕು ವಾರ ವ್ಯರ್ಥವಾದದ್ದು ನೋವಿನಿಂದಲ್ಲ, ವಿಷಯ ಗೊತ್ತಿಲ್ಲದ್ದರಿಂದ. ಪರೀಕ್ಷೆಗೆಂದು ಬರೆದುಕೊಂಡದ್ದನ್ನೂ ಕಾಲು ಕಲಿಸಿದ್ದನ್ನೂ ಸೇರಿಸಿ, ಜೊತೆಗೆ ಓದುತ್ತಿರುವ ನಿಮಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಯಾವ ನೋವು ಇದು?

ಮೊಣಕಾಲಿನ ಕೆಳಗೆ ಎರಡು ಎಲುಬುಗಳಿವೆ. ದಪ್ಪನೆಯದು ಟಿಬಿಯಾ, ತೆಳ್ಳನೆಯದು ಫಿಬ್ಯುಲಾ. ಮೈಭಾರವನ್ನು ಹೊರುವುದು ಬಹುಪಾಲು ಟಿಬಿಯಾ. ಅದರ ಒಳಬದಿಯ ಹಿಂದಿನ ಅಂಚಿನಲ್ಲಿ, ಕೆಳಗಿನ ಅರ್ಧದ ಆಸುಪಾಸಿನಲ್ಲಿ, ಓಡಿದಾಗ ಉದ್ದಕ್ಕೂ ಹರಡಿಕೊಳ್ಳುವ ನೋವೇ ಸಾಮಾನ್ಯವಾಗಿ ನಾವು ಶಿನ್ ಸ್ಪ್ಲಿಂಟ್ಸ್ ಎನ್ನುವುದು. ಪಠ್ಯಪುಸ್ತಕದಲ್ಲಿ ಇದರ ಹೆಸರು ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್. ಎಲುಬನ್ನು ಸುತ್ತಿರುವ ತೆಳು ಹೊರಪೊರೆಗೆ ಪೆರಿಯಾಸ್ಟಿಯಂ ಎಂದು ಹೆಸರು. ಸೋಲಿಯಸ್ ಮೊದಲಾದ ಮೀನಖಂಡದ ಸ್ನಾಯುಗಳ ಎಳೆತ ಆ ಪೊರೆಯ ಮೇಲೆ ಬೀಳುತ್ತದೆ, ಜೊತೆಗೆ ಪ್ರತಿ ಹೆಜ್ಜೆಗೂ ಎಲುಬು ತುಸುವೇ ಬಾಗುತ್ತದೆ. ಈ ಎರಡೂ ಸೇರಿ ನೋವು ತರುತ್ತವೆ ಎಂದು ತಿಳಿದುಕೊಂಡರೆ ನಮ್ಮ ಕೆಲಸಕ್ಕೆ ಸಾಕು.

ನೋವಿಗೆ ಒಂದು ಗುಣವಿದೆ, ಅದೇ ಮೋಸ ಮಾಡುವುದು. ಆರಂಭದ ದಿನಗಳಲ್ಲಿ ಓಟದ ಮೊದಲ ಹತ್ತು ನಿಮಿಷ ನೋಯುತ್ತದೆ, ಮೈ ಬಿಸಿಯಾದಂತೆ ಮಾಯವಾಗುತ್ತದೆ, ಓಟ ಮುಗಿದು ತಣ್ಣಗಾದ ಮೇಲೆ ಮತ್ತೆ ಬರುತ್ತದೆ. ನಡುವೆ ಮಾಯವಾಯಿತಲ್ಲ ಎಂಬ ಧೈರ್ಯದ ಮೇಲೆ ನಾನು ಎರಡು ವಾರ ಓಡಿದೆ. ಆಮೇಲೆ ಮಾಯವಾಗುವುದು ನಿಂತುಹೋಯಿತು.

ಹೆಬ್ಬೆರಳಿನ ಪರೀಕ್ಷೆ

ಈ ಟಿಪ್ಪಣಿಯಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ.

ಕುರ್ಚಿಯ ಮೇಲೆ ಕೂತು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿದ ಎಲುಬು ಇದೆಯಲ್ಲ, ಅಲ್ಲಿಂದ ಆರಂಭಿಸಿ ಟಿಬಿಯಾದ ಒಳ ಅಂಚನ್ನು ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಾ ಮೇಲೆ ಬನ್ನಿ. ಒಂದೊಂದು ಬೆರಳಗಲಕ್ಕೂ ನಿಲ್ಲಿಸಿ, ಎಲುಬಿಗೆ ತಾಗುವಷ್ಟು ಒತ್ತಿ. ನೋವು ಶುರುವಾದ ಜಾಗಕ್ಕೆ ಪೆನ್ನಿನಿಂದ ಗೀಟು ಹಾಕಿ, ಮುಗಿದ ಜಾಗಕ್ಕೆ ಇನ್ನೊಂದು. ಎರಡರ ನಡುವೆ 5 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉದ್ದ ಇದ್ದರೆ, ನೋವು ಒಂದು ಪಟ್ಟಿಯಂತೆ ಹರಡಿದ್ದರೆ, ಅದು ಬಹುತೇಕ ಶಿನ್ ಸ್ಪ್ಲಿಂಟ್ಸ್. ನನ್ನ ಬಲಗಾಲಿನಲ್ಲಿ ಆ ಪಟ್ಟಿ 11 ಸೆಂಟಿಮೀಟರ್ ಇತ್ತು.

ಹಾಗಲ್ಲದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋವಾದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಅದೇ ಜಾಗದಲ್ಲಿ ಸೆಳೆದರೆ, ನಡೆಯುವಾಗಲೂ ಅಥವಾ ರಾತ್ರಿ ಮಲಗಿದಾಗಲೂ ನೋವಿದ್ದರೆ, ಅಂದಿಗೇ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ. ಅದು ಸ್ಟ್ರೆಸ್ ಫ್ರಾಕ್ಚರ್, ಅಂದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ನೋವು ಒಳ ಅಂಚಿನಲ್ಲಿರದೆ ಟಿಬಿಯಾದ ಮುಂದಿನ ಏಣಿನ ಮೇಲೆಯೇ ಒಂದು ಬಿಂದುವಿನಲ್ಲಿದ್ದರೆ ಇನ್ನೂ ಅವಸರ ಮಾಡಬೇಕು, ಅಲ್ಲಿನ ಬಿರುಕು ಕೂಡಿಕೊಳ್ಳುವುದು ನಿಧಾನ.

ನಮ್ಮ ಗುಂಪಿನ ಸಿರ್ಸಿಯ ಹುಡುಗಿಯೊಬ್ಬಳ ಕಥೆ ಇಲ್ಲಿ ಹೇಳಲೇಬೇಕು. ಮೊದಲ ವಾರದಲ್ಲೇ ಎಕ್ಸ್‌ರೇ ತೆಗೆಸಿದಳು. ಅದರಲ್ಲಿ ಏನೂ ಕಾಣಲಿಲ್ಲ, ನಿರಾಳವಾಗಿ ಮತ್ತೆ ಓಡಿದಳು. ಆಗತಾನೇ ಆದ ಸ್ಟ್ರೆಸ್ ಫ್ರಾಕ್ಚರ್ ಎಕ್ಸ್‌ರೇಯಲ್ಲಿ ಮೊದಲ ಎರಡು–ಮೂರು ವಾರ ಕಾಣದೇ ಇರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಅಕ್ಕ, ಇಲ್ಲೊಂದೇ ಕಡೆ ನೋಯುತ್ತದೆ" ಎಂದು ಅವಳು ತೋರುಬೆರಳಿನ ತುದಿ ಇಟ್ಟು ತೋರಿಸಿದಾಗ ನನಗೆ ಹೊಟ್ಟೆಯಲ್ಲಿ ತಳಮಳವಾಯಿತು. ನೋವನ್ನು ಅಂಗೈ ಸವರಿ ತೋರಿಸುವವರಿಗೂ ಬೆರಳ ತುದಿಯಿಂದ ತೋರಿಸುವವರಿಗೂ ಇರುವ ವ್ಯತ್ಯಾಸವನ್ನು ಆಗಷ್ಟೇ ಓದಿದ್ದೆ. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದ ಮೇಲೆ ಬಿರುಕು ಗೊತ್ತಾಯಿತು.

ಇನ್ನೊಂದನ್ನು ಬೇಗ ಹೇಳಿ ಮುಗಿಸುತ್ತೇನೆ. ಓಡುವಾಗ ಮೀನಖಂಡ ಕಲ್ಲಿನಂತೆ ಬಿಗಿದು, ಪಾದ ಜೋಮು ಹಿಡಿದು, ನಿಂತ ಸ್ವಲ್ಪ ಹೊತ್ತಿಗೆ ಎಲ್ಲವೂ ಸರಿಯಾಗುವುದಿದ್ದರೆ ಅದು ಬೇರೆ ತೊಂದರೆ, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದು. ಒಂದೇ ಕಾಲು ಊದಿ ಬಿಸಿಯಾಗಿ ಕೆಂಪಾದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಏಕೆ ಬಂತು?

ಎಲುಬು ಕಂಬದ ಹಾಗೆ ನಿರ್ಜೀವವಾದದ್ದಲ್ಲ. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ಮನೆ ರಿಪೇರಿಯಲ್ಲಿ ಹಳೆಯ ಗೋಡೆ ಕೆಡವಿ ಹೊಸತು ಕಟ್ಟುವಂತೆಯೇ ಇಲ್ಲಿನ ಕ್ರಮ. ಹಳೆಯ ಭಾಗವನ್ನು ಕರಗಿಸಿ ತೆಗೆಯುವ ಕೆಲಸ ಕೆಲವೇ ವಾರಗಳಲ್ಲಿ ಆಗುತ್ತದೆ. ಆ ಜಾಗದಲ್ಲಿ ಹೊಸ ಎಲುಬು ಕಟ್ಟಿ ಗಟ್ಟಿಯಾಗಲು ತಿಂಗಳುಗಳು ಬೇಕು. ಅಂದರೆ ಓಟ ಶುರುಮಾಡಿದ ಮೂರು–ನಾಲ್ಕನೆಯ ವಾರದಲ್ಲಿ, ಉಸಿರಾಟ ಹಗುರಾಗಿ ಉತ್ಸಾಹ ಏರುತ್ತಿರುವಾಗ, ಎಲುಬು ಮೊದಲಿಗಿಂತ ದುರ್ಬಲವಾಗಿರಬಹುದು. ನಮ್ಮ ಗುಂಪು ಕಾಲು ಹಿಡಿದು ಕೂರುವುದು ಆ ವಾರಗಳಲ್ಲೇ ಏಕೆ ಎಂದು ಅರ್ಥವಾದದ್ದು ಇದನ್ನು ಓದಿದ ದಿನ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋಮೀಟರ್ ಓಟಕ್ಕೆ ಸುಮಾರು 1000 ಹೆಜ್ಜೆ. ಪ್ರತಿ ಹೆಜ್ಜೆಗೂ ನೆಲದಿಂದ ಮರಳಿ ಬರುವ ಬಲ ಮೈತೂಕದ ಎರಡರಿಂದ ಮೂರು ಪಟ್ಟು. 5 ಕಿಲೋಮೀಟರ್ ಓಡಿದರೆ ಒಂದೊಂದು ಕಾಲಿಗೂ 2500 ಗುದ್ದು. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅಧಿಸೂಚನೆ ಬಂದ ಮರುದಿನದಿಂದ, ವರ್ಷವಿಡೀ ಓಡದ ಕಾಲನ್ನು ದಿನವೂ ಆ ವೇಗಕ್ಕೆ ಎಳೆಯುವ ಅಣ್ಣಂದಿರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಶ್ವಾಸಕೋಶ ಒಪ್ಪಿದರೂ ಎಲುಬಿಗೆ ಅದರದೇ ಸಮಯ ಬೇಕು.

ನೆಲದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅದರದೇ ಪಾಠಗಳಿವೆ. ಮರಳು ಮೆತ್ತಗಿದೆ, ಕಾಲಿಗೆ ಒಳ್ಳೆಯದು ಎಂಬುದು ಅರ್ಧ ಸತ್ಯ. ಒಣ ಮರಳಿನಲ್ಲಿ ಗುದ್ದು ಕಡಿಮೆ, ಆದರೆ ಪಾದ ಹೂತು ಜಾರುವುದರಿಂದ ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಮೀನಖಂಡ ಅಷ್ಟೂ ದುಡಿಯಬೇಕು. ನೋಯುತ್ತಿರುವ ಜಾಗದ ಮೇಲೆ ಎಳೆತ ಬೀಳುವುದು ಅದೇ ಸ್ನಾಯುಗಳಿಂದ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದಾಗ ಸಿಗುವ ಒದ್ದೆ ಗಟ್ಟಿ ಮರಳು ಓಡಲು ಚೆನ್ನ. ಭರತದ ಹೊತ್ತಿನಲ್ಲಿ ಉಳಿಯುವುದು ಕಡಲಿನ ಕಡೆಗೆ ವಾಲಿದ ಪಟ್ಟಿ ಮಾತ್ರ. ನಾನು ಟಾಗೋರ್ ಕಡಲತೀರದಿಂದ ಕಾಳಿ ನದಿಯ ಅಳಿವೆಯ ಕಡೆಗೆ ಉತ್ತರಾಭಿಮುಖವಾಗಿ ಓಡಿ, ಕೋಡಿಬಾಗದಿಂದ ಗೆಳತಿಯ ಸ್ಕೂಟರ್‌ನಲ್ಲಿ ಮರಳುತ್ತಿದ್ದೆ. ಕಡಲು ಯಾವಾಗಲೂ ಎಡಕ್ಕೆ, ಇಳಿಜಾರೂ ಎಡಕ್ಕೆ. ಏರಿನ ಬದಿಯಲ್ಲಿದ್ದ ಬಲಪಾದ ದಿನವೂ ಒಳಕ್ಕೆ ವಾಲಿಯೇ ನೆಲ ಮುಟ್ಟುತ್ತಿತ್ತು. ನೋವು ಬಂದದ್ದು ಬಲಗಾಲಿಗೆ ಮಾತ್ರ. ಈಗ ಹೋದ ದಾರಿಯಲ್ಲೇ ಓಡಿ ಮರಳುತ್ತೇನೆ. ಸಿರ್ಸಿಯ ಕಡೆಯವರಿಗೆ ಮರಳಿನ ತೊಂದರೆ ಇಲ್ಲ, ಏರಿಳಿತದ ತೊಂದರೆ ಇದೆ. ಇಳಿಜಾರಿನಲ್ಲಿ ಹೆಜ್ಜೆ ಉದ್ದವಾಗಿ ಹಿಮ್ಮಡಿ ಬ್ರೇಕಿನಂತೆ ಬೀಳುತ್ತದೆ. ಮರಳಿ ಓಡಲು ಆರಂಭಿಸುವಾಗ ಮೊದಲ ಕೆಲವು ವಾರ ಮಟ್ಟಸವಾದ ಮೈದಾನವನ್ನೇ ಹುಡುಕಿಕೊಳ್ಳಿ.

ಗುಣವಾಗುವ ದಾರಿ

ನಾಲ್ಕು ವಾರ ನಾನು ಮಾಡಿದ್ದು ಬರೀ ವಿಶ್ರಾಂತಿ. ನೋವು ಹೋಯಿತು, ಮೊದಲ ದಿನವೇ 4 ಕಿಲೋಮೀಟರ್ ಓಡಿದೆ, ನೋವು ಬಂತು. ವಿಶ್ರಾಂತಿ ನೋವನ್ನು ಇಳಿಸುತ್ತದೆ, ಕಾಲಿಗೆ ಬಲ ತುಂಬುವುದಿಲ್ಲ. ಎರಡನೆಯ ಸರದಿಯಲ್ಲಿ ಓಟ ಬಿಟ್ಟೆ, ಆದರೆ ನೋವಾಗದಷ್ಟು ಸೈಕಲ್ ತುಳಿದೆ, ನಡೆದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10–15 ನಿಮಿಷ ಇಟ್ಟರೆ ಹಾಯೆನಿಸುತ್ತದೆ, ಅದರಿಂದ ಅಷ್ಟೇ ನಿರೀಕ್ಷಿಸಬೇಕು. ನೋವಿನ ಮಾತ್ರೆ ನುಂಗಿ ಓಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಎಲುಬು ಹೇಳುವುದು ಕೇಳಿಸದಂತೆ ಕಿವಿ ಮುಚ್ಚಿಕೊಂಡ ಹಾಗೆ ಅದು.

ನಿಜವಾಗಿ ಕೆಲಸ ಮಾಡಿದ್ದು ಮನೆಯ ಜಗುಲಿಯ ಮೆಟ್ಟಿಲು. ಕಂಬ ಹಿಡಿದು, ಅಂಗಾಲಿನ ಮುಂಭಾಗವನ್ನು ಮೆಟ್ಟಿಲಿನ ಅಂಚಿನಲ್ಲಿ ಊರಿ, ಎರಡು ಎಣಿಸುವಷ್ಟರಲ್ಲಿ ಹಿಮ್ಮಡಿ ಎತ್ತುವುದು, ಮೂರು ಎಣಿಸುತ್ತಾ ಇಳಿಸುವುದು. ಮೊಣಕಾಲು ನೆಟ್ಟಗಿಟ್ಟು ಒಂದು ಸಲ, ತುಸು ಬಗ್ಗಿಸಿ ಇನ್ನೊಂದು ಸಲ. ಬಗ್ಗಿಸಿದಾಗ ಸೋಲಿಯಸ್ ಮುಖ್ಯವಾಗಿ ದುಡಿಯುತ್ತದೆ, ಓಟದಲ್ಲಿ ಅತಿ ಹೆಚ್ಚು ಭಾರ ಹೊರುವ ಸ್ನಾಯುಗಳಲ್ಲಿ ಅದೊಂದು. ಎರಡೂ ಕಾಲಿನಲ್ಲಿ 15ರಿಂದ ಆರಂಭಿಸಿ ಒಂಟಿ ಕಾಲಿನಲ್ಲಿ 20ಕ್ಕೆ ಬರಲು ನನಗೆ ಐದು ವಾರ ಹಿಡಿಯಿತು. ಗೋಡೆಗೆ ಬೆನ್ನು ಕೊಟ್ಟು ನಿಂತು ಪಾದದ ಮುಂಭಾಗ ಎತ್ತುವುದನ್ನೂ ದಿನ ಬಿಟ್ಟು ದಿನ ಸೇರಿಸಿದೆ.

ಓಟಕ್ಕೆ ಮರಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡೆ. 30 ನಿಮಿಷ ಬಿರುಸಾಗಿ ನಡೆದರೆ ನೋವಿದೆಯೇ? ಹೆಬ್ಬೆರಳು ಒತ್ತಿದರೆ? ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ? ಮೂರಕ್ಕೂ ಇಲ್ಲ ಎಂದಾದ ಮೇಲೆ 1 ನಿಮಿಷ ಓಟ, 4 ನಿಮಿಷ ನಡಿಗೆ, ಹೀಗೆ ಐದು ಸುತ್ತು. ದಿನ ಬಿಟ್ಟು ದಿನ ಮಾತ್ರ. ಮರುದಿನ ಬೆಳಿಗ್ಗೆ ಒತ್ತಿದಾಗ ನೋವಿಲ್ಲದಿದ್ದರಷ್ಟೇ ಮುಂದಿನ ವಾರ ಓಟಕ್ಕೆ ಒಂದು ನಿಮಿಷ ಸೇರಿಸಿ, ನಡಿಗೆಯಿಂದ ಒಂದು ಕಳೆಯುವುದು. ನೋವಿದ್ದರೆ ಹಿಂದಿನ ಹಂತಕ್ಕೆ. ಮೊದಲು ಅವಧಿ ಹೆಚ್ಚಿಸಿ, ವೇಗ ಕೊನೆಗೆ. ಹೆಜ್ಜೆಯನ್ನೂ ಎಣಿಸಿದೆ: ನಿಮಿಷಕ್ಕೆ 160 ಇದ್ದದ್ದನ್ನು 168ಕ್ಕೆ ತಂದೆ. ವೇಗ ಅಷ್ಟೇ ಇದ್ದು ಹೆಜ್ಜೆ ಚಿಕ್ಕದಾದರೆ ಪ್ರತಿ ಗುದ್ದೂ ತುಸು ಹಗುರಾಗುತ್ತದೆ. ಶೂ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಿತವಾಗಿರಲಿ, ಸವೆದು ಒಂದು ಬದಿಗೆ ವಾಲಿರದಿರಲಿ.

ಊಟದ ಬಗ್ಗೆ, ವಿಶೇಷವಾಗಿ ತಂಗಿಯಂದಿರಿಗೆ. ತೂಕ ಇಳಿಸಲೆಂದು ಊಟ ಬಿಟ್ಟು ಓಡುವವರ ಮುಟ್ಟು ತಪ್ಪುತ್ತಿದ್ದರೆ ಎಲುಬಿನ ದುರಸ್ತಿಗೆ ಬೇಕಾದದ್ದು ಮೈಗೆ ಸಿಗುತ್ತಿಲ್ಲ ಎಂದೇ ತಿಳಿದು ವೈದ್ಯರಿಗೆ ಹೇಳಿ, ನಾಚಿಕೊಳ್ಳಬೇಡಿ. ಕರಾವಳಿಯವರಿಗೆ ಮುಳ್ಳುಸಮೇತ ಅಗಿದು ತಿನ್ನುವ ಸಣ್ಣ ಮೀನುಗಳಿವೆ, ಘಟ್ಟದ ಮೇಲಿನವರಿಗೆ ಮೊಸರು, ರಾಗಿ, ಎಳ್ಳಿನ ತಂಬುಳಿ ಇವೆ. ಹೊಟ್ಟೆ ತುಂಬ ಉಣ್ಣಿ.

ಸಿರ್ಸಿಯ ಹುಡುಗಿ ವೈದ್ಯರ ಒಪ್ಪಿಗೆ ಪಡೆದು ಕಳೆದ ಮಂಗಳವಾರ ಊರಿನ ಶಾಲೆಯ ಮೈದಾನದಲ್ಲಿ ಮೊದಲ ಐದು ಸುತ್ತು ಮುಗಿಸಿದಳು. ಬುಧವಾರ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದಳು. "ಅಕ್ಕ, ಒತ್ತಿ ನೋಡಿದೆ. ಏನೂ ಇಲ್ಲ." ಇನ್ನೊಮ್ಮೆ ಒತ್ತಿ ನೋಡು ಎಂದೆ. ಫೋನ್ ಕೆಳಗಿಟ್ಟ ಸದ್ದು ಕೇಳಿಸಿತು, ಸ್ವಲ್ಪ ಹೊತ್ತು ಮೌನ, ಆಮೇಲೆ ನಗು. ಮುಂದಿನ ಓಟ ಗುರುವಾರ ಎಂದು ಇಬ್ಬರೂ ಬರೆದುಕೊಂಡೆವು.