ಮೇಲೆ ಯಾವ ಮರ, ಕೆಳಗೆ ಯಾವ ನುಸಿ

ನುಸಿ ಅಂದ್ರೆ ನಮ್ಮ ತೆಂಗು ಬೆಳೆಗಾರರಿಗೆ 1998ರ ಆಚೆಗೆ ಕಾಯಿಯ ಮೇಲೆಲ್ಲ ಕಂದು ಕಲೆ ಮೂಡಿಸಿದ ಪೀಡೆಯೇ ನೆನಪು. ಮಣ್ಣಿನ ನುಸಿಗಳ ಕತೆ ಬೇರೆ. ಅವುಗಳಲ್ಲಿ ಹೆಚ್ಚಿನವು ಯಾರ ಬೆಳೆಯ ತಂಟೆಗೂ ಬರುವುದಿಲ್ಲ. ಕೊಳೆತ ತರಗೆಲೆ, ಅದರ ಮೇಲಿನ ಬೂಷ್ಟು, ಇಷ್ಟೇ ಸಾಕು.

ಮಿಲಿಮೀಟರಿಗಿಂತ ಚಿಕ್ಕದಾದ ಇವನ್ನು ಎಣಿಸುವುದು ಹೇಗೆ? 1905ರಲ್ಲಿ ಇಟಲಿಯ ಆಂಟೋನಿಯೊ ಬೆರ್ಲೀಸೆ ಒಂದು ಆಲಿಕೆ ಮಾಡಿದ. ಜಾಲರಿಯ ಮೇಲೆ ಮಣ್ಣು, ಸುತ್ತ ಬಿಸಿನೀರು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಬಿಸಿನೀರು ಬಿಟ್ಟು ಮೇಲೊಂದು ಬಲ್ಬು ತೂಗುಹಾಕಿದ. ಮೇಲಿನ ಮಣ್ಣು ಒಣಗುತ್ತಾ ಬಂದಂತೆ ನುಸಿಗಳು ತಂಪು ಹುಡುಕಿಕೊಂಡು ಕೆಳಗಿಳಿಯುತ್ತವೆ, ಬಾಟಲಿಯ ಆಲ್ಕೋಹಾಲಿಗೆ ಬೀಳುತ್ತವೆ. ಇವತ್ತಿಗೂ ಇದೇ ಉಪಾಯ.

ಆದರೆ ಮೊದಮೊದಲು ಎಣಿಸಿದ್ದು ಹೆಚ್ಚಾಗಿ ಯುರೋಪಿನ ಮಣ್ಣನ್ನೇ. ಅಲ್ಲಿನ ಸೂಚಿಪರ್ಣ ಕಾಡಿನಲ್ಲಿ ಎಲೆ ಬೇಗ ಕೊಳೆಯುವುದಿಲ್ಲ, ದಪ್ಪ ಹಾಸು ಕಟ್ಟುತ್ತದೆ. ಒಂದು ಚದರ ಮೀಟರಿನಲ್ಲಿ ಲಕ್ಷಗಟ್ಟಲೆ ನುಸಿ ಸಿಗುವುದುಂಟು. ಉಷ್ಣವಲಯದ ಕಾಡಿನಲ್ಲಿ ಎಲೆ ಬಿದ್ದಷ್ಟೇ ಬೇಗ ಕರಗುತ್ತದೆ. ಹಾಸು ತೆಳು, ನುಸಿಗಳೂ ಸಾಮಾನ್ಯವಾಗಿ ಕಡಿಮೆ. ಹಾಗಾದರೆ ಇಲ್ಲಿ ಅವುಗಳಿಗೆ ಕೆಲಸವೂ ಕಡಿಮೆಯಾ?

1999ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಒಂದೇ ಜಾತಿಯ ಓಕ್ ಎಲೆಯನ್ನು ಕೋಸ್ಟರೀಕಾದ ಲಾ ಸೆಲ್ವಾ, ಪೋರ್ಟೊರಿಕೊದ ಲುಕಿಯೊ, ಅಮೆರಿಕದ ಉತ್ತರ ಕೆರೊಲಿನಾ, ಈ ಮೂರೂ ಕಡೆ ನೆಲದ ಮೇಲೆ ಇಟ್ಟರು. ಕೆಲವಕ್ಕೆ ನಾಫ್ತಲೀನ್ ಹಾಕಿದರು. ಹೌದು, ಬೀರುವಿನ ನುಸಿಗುಳಿಗೆಯೇ. ನುಸಿಯಂಥ ಜೀವಿಗಳನ್ನು ದೂರವಿಟ್ಟಾಗ ಎಲೆ ಕೊಳೆಯುವುದು ನಿಧಾನವಾಗಿದ್ದು ಎರಡು ಉಷ್ಣವಲಯದ ಕಾಡುಗಳಲ್ಲಿ. ಎಲೆ ಒಂದೇ, ಅದನ್ನು ತಿನ್ನುವ ಬಳಗ ಬೇರೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಸ್ಪಷ್ಟ ಚಿತ್ರ ಸಿಗುವುದು ಸುಮಾತ್ರಾದ ಜಾಂಬಿಯಲ್ಲಿ. ಮಳೆಕಾಡು, ಕಾಡಿನೊಳಗಿನ ರಬ್ಬರು, ಬರೀ ರಬ್ಬರು, ತಾಳೆ ಎಣ್ಣೆ ತೋಟ, ನಾಲ್ಕೂ ಒಂದೇ ಪ್ರಾಂತ್ಯದಲ್ಲಿವೆ. ಜರ್ಮನಿಯ ಗಟಿಂಗೆನ್ ಮತ್ತು ಇಂಡೋನೇಷ್ಯಾದ ವಿಶ್ವವಿದ್ಯಾಲಯಗಳು 2012ರಿಂದ ಹಲವು ವರ್ಷ ಇವನ್ನು ಹೋಲಿಸಿ ನೋಡಿವೆ. ತಾಳೆಯ ಗರಿ ತಾನಾಗಿ ಉದುರಿ ಹರಡುವುದಿಲ್ಲ. ಗೊನೆ ಕೊಯ್ಯುವಾಗ ಕಡಿದು ಸಾಲಿನ ನಡುವೆ ರಾಶಿ ಹಾಕುತ್ತಾರೆ. ಬುಡಕ್ಕೆ ಗೊಬ್ಬರ, ಕಳೆನಾಶಕ, ಮಿಕ್ಕ ನೆಲ ಬೋಳು. ಎಲೆಹಾಸಿನ ಜೀವಿಗಳು ಕಾಡಿಗಿಂತ ತೀರಾ ಕಡಿಮೆಯಾಗಲು ಇಷ್ಟು ಸಾಲದೇ?

ಪೆಟ್ಟು ಎಲ್ಲ ನುಸಿಗೂ ಒಂದೇ ಥರ ಬೀಳುವುದಿಲ್ಲ. ಒರಿಬ್ಯಾಟಿಡ್ ಗುಂಪಿನವು ನಿಧಾನ ಬೆಳೆಯುತ್ತವೆ, ಮೊಟ್ಟೆಯೂ ಕಡಿಮೆ. ಅವುಗಳಲ್ಲೇ ಕೆಲವಂತೂ ಮುಟ್ಟಿದರೆ ಕಾಲು ಒಳಗೆಳೆದುಕೊಂಡು ಡಬ್ಬಿಯ ಹಾಗೆ ಮುಚ್ಚಿಕೊಳ್ಳುತ್ತವೆ. ಅವುಗಳ ಮರಿಗಳು ಬಿದ್ದ ಎಲೆಯ ತೊಟ್ಟು, ಕಡ್ಡಿಗಳನ್ನು ಕೊರೆದು ಒಳಗೇ ಬೆಳೆಯುತ್ತವೆ. ತೊಟ್ಟೇ ಬೀಳದಿದ್ದರೆ ಮನೆಯೇ ಇಲ್ಲ. ಬೇಗ ಮರಿ ಮಾಡುವ ಸಣ್ಣ ನುಸಿಗಳು ಮಾತ್ರ ಹೇಗೋ ಸುಧಾರಿಸಿಕೊಳ್ಳುತ್ತವೆ.

ಹಾಗಂತ ಹೆಸರು ಎಣಿಸಿದರೆ ಮುಗಿಯಲಿಲ್ಲ. ಜಾಂಬಿಯ ನುಸಿಗಳ ಮೈಯಲ್ಲಿರುವ ಇಂಗಾಲ, ಸಾರಜನಕದ ಐಸೋಟೋಪುಗಳನ್ನು (ಒಂದೇ ಧಾತುವಿನ ಹಗುರ, ಭಾರ ರೂಪಗಳು; ತಿಂದದ್ದೇನೆಂಬ ಗುರುತು ಇವುಗಳ ಪ್ರಮಾಣದಲ್ಲಿ ಉಳಿಯುತ್ತದೆ) ಅಳೆದಾಗ ಇನ್ನೊಂದು ವಿಷಯ ಹೊರಬಂತು. ಕಾಡಿನಲ್ಲೂ ತೋಟದಲ್ಲೂ ಉಳಿದಿರುವ ಒಂದೇ ಜಾತಿಯ ನುಸಿಯ ಊಟ, ಎರಡು ಕಡೆ ಒಂದೇ ಆಗಿರಲಿಲ್ಲ.