ಬೀದಿಯ ಕೆಳಗಿರುವ ಹೊಲದ ಬದು

ಬೆಂಗಳೂರಿನ ರಸ್ತೆಗಳು ಯಾಕೆ ಹೀಗೆ ಎಂದು ಕೇಳಿದರೆ ‘ಇಲ್ಲಿ ಪ್ಲಾನೇ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪ್ಲಾನ್‌ಗಳಿಗೇನೂ ಬರವಿಲ್ಲ. 1984ರಲ್ಲಿ ಸಿಡಿಪಿ, ಅಂದರೆ ಸಮಗ್ರ ಅಭಿವೃದ್ಧಿ ಯೋಜನೆ ಬಂತು, 1995ರಲ್ಲಿ ಅದರ ಪರಿಷ್ಕೃತ ರೂಪ ಬಂತು, 2015ನೇ ಇಸವಿಗೆಂದು ಮಾಡಿದ ಮಾಸ್ಟರ್ ಪ್ಲಾನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. 2031ರ ಕರಡು 2017ರಲ್ಲಿ ಪ್ರಕಟವಾಗಿ ಮುಂದೆ ವಾಪಸ್ಸಾಯಿತು. ಆದರೆ ಹೊರವಲಯದ ಬಹುಭಾಗ ಬೆಳೆದದ್ದು ಈ ಬಣ್ಣಬಣ್ಣದ ಹಾಳೆಗಳ ಮೇಲಲ್ಲ. ಅದು ಬೆಳೆದದ್ದು ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯ ಮೇಲೆ, ಒಂದೊಂದು ಸರ್ವೆ ನಂಬರು ಮಾರಾಟವಾದ ಹಾಗೆ.

ಮೊದಲು ಹೀಗಿರಲಿಲ್ಲ. 1892ರ ಚಾಮರಾಜಪೇಟೆ, 1898ರ ಪ್ಲೇಗ್ ಹೊಡೆತಕ್ಕೆ ವೇಗ ಪಡೆದ ಬಸವನಗುಡಿ ಮತ್ತು ಮಲ್ಲೇಶ್ವರ, ಇವೆಲ್ಲ ಸರ್ಕಾರವೇ ಜಮೀನು ತೆಗೆದುಕೊಂಡು, ಹೊಲದ ಗಡಿಗಳನ್ನು ಅಳಿಸಿ, ಹೊಸದಾಗಿ ಗೆರೆ ಎಳೆದು ಮಾಡಿದ ಬಡಾವಣೆಗಳು. ಮೇನ್ ಒಂದು ದಿಕ್ಕಿಗೆ, ಕ್ರಾಸ್ ಅದಕ್ಕೆ ಅಡ್ಡಲಾಗಿ, ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಇಲ್ಲದ ಕಾಲದಲ್ಲಿ ಶೌಚಾಲಯದ ಮಲ ಹೊರಲು ಬಿಟ್ಟ ದಾರಿ ಅದು. ಆ ಕ್ರೂರ ಕೆಲಸ ನಿಂತ ಮೇಲೂ ಮನೆಗಳ ಹಿಂದೆ ಪೈಪು ಹಾಕಿ ರಿಪೇರಿ ಮಾಡಲು ಒಂದು ಸಾರ್ವಜನಿಕ ಪಟ್ಟಿ ಉಳಿಯಿತು. ಈಗ ಹಲವೆಡೆ ಗೇಟು ಹಾಕಿ ಅದನ್ನು ಒಳಗೆ ಸೇರಿಸಿಕೊಂಡಿದ್ದಾರೆ, ಮ್ಯಾನ್‌ಹೋಲ್ ಸಮೇತ!

1945ರ ಕಾಯ್ದೆಯಿಂದ ಬಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಇದೇ ಪದ್ಧತಿ ಮುಂದುವರಿಸಿದವು. ಕೊರತೆ ಬಿದ್ದದ್ದು ಸೈಟುಗಳ ಸಂಖ್ಯೆಯಲ್ಲಿ. 1951ರಲ್ಲಿ ಸುಮಾರು 7.8 ಲಕ್ಷ ಇದ್ದ ಜನಸಂಖ್ಯೆ 1981ಕ್ಕೆ 29 ಲಕ್ಷ ದಾಟಿತು. ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ, ಅಂತಿಮ ಅಧಿಸೂಚನೆ, ಪರಿಹಾರ, ಕೋರ್ಟು ಎಲ್ಲ ಮುಗಿದು ಸೈಟು ಕೈಗೆ ಬರುವವರೆಗೆ ಜನ ಕಾಯಲಿಲ್ಲ. ರೈತನಿಗೂ ಸ್ವಾಧೀನದ ಪರಿಹಾರಕ್ಕಿಂತ ಬಿಡಿಬಿಡಿಯಾಗಿ ಮಾರುವುದೇ ಲಾಭ. ಯೋಜನಾ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಹೊಲವನ್ನೇ ಸೈಟಾಗಿ ಕತ್ತರಿಸುವ ‘ರೆವಿನ್ಯೂ ಬಡಾವಣೆ’ ಹುಟ್ಟಿದ್ದು ಹೀಗೆ.

ಲಾಭದ ಲೆಕ್ಕವನ್ನು ಒಂದು ಎಕರೆಯ ಮೇಲೆ ಹಾಕಿ ನೋಡೋಣ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ನಲವತ್ತು ಗುಂಟೆಗೆ ಎಕರೆ, 43,560 ಚದರಡಿ. 132 ಅಡಿ ಅಗಲ, 330 ಅಡಿ ಉದ್ದದ ಹೊಲ ಇದೆ ಎನ್ನಿ. ನಡುವೆ ಉದ್ದಕ್ಕೆ 20 ಅಡಿ ರಸ್ತೆ ಬಿಟ್ಟರೆ ಎರಡೂ ಬದಿಗೆ 56 ಅಡಿ ಆಳ ಸಿಗುತ್ತದೆ. 30 ಅಡಿ ಮುಖವಿಟ್ಟು ಕತ್ತರಿಸಿದರೆ ಸಾಲಿಗೆ 11ರಂತೆ 22 ಸೈಟು. ಮಾರಾಟಕ್ಕೆ ಸಿಕ್ಕಿದ್ದು 36,960 ಚದರಡಿ, ಅಂದರೆ ಹೊಲದ ಶೇ 85. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆ ಮಾಡಿದರೆ ಉದ್ಯಾನ, ಆಟದ ಮೈದಾನಕ್ಕೆ ಶೇ 15, ನಾಗರಿಕ ಸೌಲಭ್ಯಕ್ಕೆ ಶೇ 10 ಬಿಡಬೇಕು. ರಸ್ತೆಗೆ ಇನ್ನೊಂದು ಶೇ 20-25 ಹೋದರೆ ಕೈಯಲ್ಲಿ ಉಳಿಯುವುದು ಶೇ 50-55. ನಡುವಿನ ಶೇ 30-35 ಇದೆಯಲ್ಲ, ಶಾಲೆ, ಪಾರ್ಕು, ಬಸ್ಸು ತಿರುಗುವ ಜಾಗ, ಟ್ರಾನ್ಸ್‌ಫಾರ್ಮರ್ ಕೂರುವ ಜಾಗ ಎಲ್ಲ ಅದರಲ್ಲೇ ಇತ್ತು.

‘ಡಿಸಿ ಕನ್ವರ್ಷನ್ ಆಗಿದೆ’ ಎಂಬ ಮಾತಿನಿಂದ ಸಮಾಧಾನಪಡುವವರು ಬಹಳ. ಭೂಪರಿವರ್ತನೆ ಎಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕೊಟ್ಟ ಅನುಮತಿ, ಅಷ್ಟೇ. ರಸ್ತೆ, ಚರಂಡಿ, ಪಾರ್ಕುಗಳ ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು.

ಇನ್ನು ಪಕ್ಕದ ಹೊಲದವನ ಕಡೆ ಬನ್ನಿ. ಅವನ ಜಮೀನು 100 ಅಡಿ ಅಗಲದ್ದು, ಸ್ವಲ್ಪ ಓರೆ. ಅವನೂ ನಡುವೆ 20 ಅಡಿ ರಸ್ತೆ ಬಿಡುತ್ತಾನೆ. ಎರಡು ರಸ್ತೆಗಳೂ ಒಂದರ ಪಕ್ಕ ಒಂದು ಓಡಿ ಬದುವಿನ ಹತ್ತಿರ ನಿಲ್ಲುತ್ತವೆ, ಒಂದಕ್ಕೊಂದು ಸೇರುವುದಿಲ್ಲ. ಇನ್ನೂರು ಅಡಿ ದೂರದ ಮನೆಗೆ ಮುಖ್ಯರಸ್ತೆಗೆ ಬಂದು ಸುತ್ತಿ ಹೋಗಬೇಕು. ಮುಖ್ಯರಸ್ತೆ ಎನ್ನುವುದಾದರೂ ಏನು? ಗ್ರಾಮ ನಕ್ಷೆಯ ಬಂಡಿದಾರಿಯೇ ಡಾಂಬರು ಕಂಡದ್ದು. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಸುತ್ತಮುತ್ತ ಎಲ್ಲ ವಾಹನವೂ ನಾಲ್ಕೇ ರಸ್ತೆಗೆ ಬಂದು ಬೀಳುವುದಕ್ಕೆ ದೊಡ್ಡ ಕಾರಣ ಇದು. ಆ ರಸ್ತೆಯನ್ನು ಎಷ್ಟು ಅಗಲ ಮಾಡಿದರೂ ಪರ್ಯಾಯ ದಾರಿ ಹುಟ್ಟುವುದಿಲ್ಲ. ಎರಡು ಡೆಡ್ ಎಂಡ್‌ಗಳ ನಡುವಿನ ಒಂದು ಸೈಟನ್ನು ಕೊಂಡು ದಾರಿ ಬಿಡಿಸುವುದು ಎಷ್ಟೋ ಕಡೆ ಮೇಲ್ಸೇತುವೆಗಿಂತ ಹೆಚ್ಚು ಕೆಲಸ ಮಾಡೀತು. ಆದರೆ ಅದಕ್ಕೆ ಉದ್ಘಾಟನೆ ಸಮಾರಂಭ ಇರುವುದಿಲ್ಲ ನೋಡಿ.

ಒಳಚರಂಡಿಯ ಗತಿಯೂ ಇದೇ. 150 ಮಿ.ಮೀ. ಪೈಪಿನಲ್ಲಿ ಕೊಳಕು ಕೂರದೆ ಹರಿಯಬೇಕಾದರೆ ಸುಮಾರು 170 ಅಡಿಗೆ ಒಂದು ಅಡಿ ಇಳಿಜಾರು ಬೇಕು. ಬೀದಿ ಏರುಮುಖವಾಗಿ ಬದುವಿಗೆ ಮುಗಿದರೆ ಚಿಂತೆಯಿಲ್ಲ. ಇಳಿಮುಖವಾಗಿ ಮುಗಿದರೆ ಪೈಪು ಪಕ್ಕದವನ ಸೈಟು ದಾಟಲೇಬೇಕು. ಅವನು ಒಪ್ಪುವುದಿಲ್ಲ. ಆಗ ಗುತ್ತಿಗೆದಾರ ಮಾಡುವ ಸುಲಭದ ಕೆಲಸ ಒಂದೇ: ಹತ್ತಿರದ ಮಳೆನೀರಿನ ಚರಂಡಿಗೆ ಜೋಡಣೆ. ಅಲ್ಲಿಂದ ರಾಜಕಾಲುವೆ, ಅಲ್ಲಿಂದ ಕೆರೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೆಲ್ಲ ಸೇರುವ ಬೆಳ್ಳಂದೂರು ಕೆರೆಯ ನೊರೆಯಲ್ಲಿ ಇಂಥ ಜೋಡಣೆಗಳ ಪಾಲು ಸಣ್ಣದಲ್ಲ.

ಮಳೆನೀರಿನ ವಿಷಯದಲ್ಲಿ ಗ್ರಾಮ ನಕ್ಷೆ ನಮಗಿಂತ ಜಾಣ. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ನೀರು ಹೋಗುವ ದಾರಿಯನ್ನು ಅದರಲ್ಲಿ ಹಳ್ಳವಾಗಿ ಗುರುತಿಸಿರುತ್ತಾರೆ. ಆ ಪಟ್ಟಿ ದಾಖಲೆಯಲ್ಲಿ ‘ಬಿ’ ಖರಾಬು. ‘ಎ’ ಖರಾಬು ಬಂಡೆಯಂಥ ಸಾಗುವಳಿಗೆ ಬಾರದ ನೆಲ. ‘ಬಿ’ ಎಂದರೆ ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕರಿಗೆ ಸೇರಿದ್ದು, ಪಕ್ಕದ ಹಿಡುವಳಿದಾರನಿಗೆ ಅದನ್ನು ಮಾರುವ ಹಕ್ಕಿಲ್ಲ. ಲೇಔಟ್ ಮಾಡುವಾಗ ಎಂಟು ಗುಂಟೆ ‘ಬಿ’ ಖರಾಬನ್ನು ಸದ್ದಿಲ್ಲದೆ ಸೈಟಿಗೆ ಸೇರಿಸಿ, ಡೊಂಕಾಗಿದ್ದ ಕಾಲುವೆಯನ್ನು ರಸ್ತೆಯ ಅಂಚಿಗೆ ಲಂಬಕೋನದಲ್ಲಿ ತಿರುಗಿಸಿ, ಮೇಲೆ ಚಪ್ಪಡಿ ಮುಚ್ಚುತ್ತಾರೆ. ಜೋರು ಮಳೆಯಲ್ಲಿ ಆ ತಿರುವಿಗೇ ಕಸ ಕಚ್ಚಿಕೊಂಡು, ನೀರು ನೇರವಾಗಿ ಹಳೆಯ ದಾರಿ ಹಿಡಿಯುತ್ತದೆ. 2007ರಲ್ಲಿ ಒಪ್ಪಿಗೆಯಾದ ಪ್ಲಾನ್ ಪ್ರಾಥಮಿಕ ಕಾಲುವೆಗೆ ನಡುವಿನಿಂದ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಿಡಬೇಕೆಂದಿತು. ಅಷ್ಟರಲ್ಲಿ ಎಷ್ಟೋ ಕಡೆ ಮನೆ ಎದ್ದಾಗಿತ್ತು.

ಸೈಟು ಕೊಳ್ಳುವ ಮುಂಚೆ ಇದನ್ನೆಲ್ಲ ನೋಡಲು ಸಾಧ್ಯವಿದೆ. ಜಾಗದಲ್ಲೇ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ, ‘ಎ’ ಮತ್ತು ‘ಬಿ’ ಖರಾಬು ಬೇರೆಬೇರೆ ನಮೂದಾಗಿರುತ್ತವೆ. ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದ್ ಜೊತೆ ತಾಳೆ ನೋಡಿ. ಗ್ರಾಮ ನಕ್ಷೆಯಲ್ಲಿ ಹಳ್ಳ, ಬಂಡಿದಾರಿ, ಕೆರೆಯ ಅಂಗಳ ಎಲ್ಲಿವೆ ನೋಡಿ. ಆಮೇಲೆ ಬೀದಿಯ ಕೊನೆಯವರೆಗೆ ನಡೆದುಹೋಗಿ. ಗೋಡೆಗೆ ಮುಗಿಯುತ್ತದೋ ರಸ್ತೆಗೆ ಸೇರುತ್ತದೋ, ಆ ತುದಿ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ, ಇವೆರಡು ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ.

ಹೊಲದ ಗಡಿಯ ಕಾಟಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಅಹಮದಾಬಾದಿನಲ್ಲಿ ಟಿ.ಪಿ. (ಟೌನ್ ಪ್ಲಾನಿಂಗ್) ಸ್ಕೀಮ್ ಎಂಬ ಪದ್ಧತಿ ಬಹುಕಾಲದಿಂದ ನಡೆದಿದೆ. ಬೇರು 1915ರ ಬಾಂಬೆ ಕಾಯ್ದೆಯಲ್ಲಿದೆ. ನೂರಾರು ಹೊಲಗಳನ್ನು ಒಟ್ಟಿಗೆ ಹಾಸಿ, ರಸ್ತೆ-ಪಾರ್ಕಿಗೆ ಎಲ್ಲರಿಂದಲೂ ಒಂದು ಪಾಲು ತೆಗೆದು, ಉಳಿದದ್ದನ್ನು ಚೌಕವಾಗಿ ಕತ್ತರಿಸಿ ಅದೇ ಮಾಲೀಕರಿಗೆ ಮರಳಿಸುತ್ತಾರೆ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಯೋಜನೆಗೆ ಅವಕಾಶವಿದೆ, ಬೆಂಗಳೂರು ಅದನ್ನು ಬಳಸಿದ್ದು ಕಡಿಮೆ. ಇದಕ್ಕೊಂದು ಗಡುವೂ ಇದೆ. ಮೇಲಿನ ಎಕರೆಯ ಉದಾಹರಣೆಯಲ್ಲಿ ಇಂದು ಒಪ್ಪಿಸಬೇಕಾದ ಮಾಲೀಕ ಒಬ್ಬ. ಸೈಟು ನೋಂದಣಿಯಾದ ಮರುದಿನ 22 ಮಂದಿ.